ಕೆಚಪ್ ಬಾಟಲಿ ಮತ್ತು 1906ರ ಕಾಯಿದೆ

ಆಹಾರ ಕಂಪನಿಗಳು ಸರ್ಕಾರದ ಬಾಗಿಲಿಗೆ ಹೋಗುವುದು ಕಾನೂನನ್ನು ತಡೆಯುವುದಕ್ಕೇ ಎಂದು ನಾವು ತಿಳಿದಿರುತ್ತೇವೆ. ಬಹಳ ಸಲ ಅದು ನಿಜವೂ ಹೌದು. ಆದರೆ ಕಾನೂನು ಬರಲೇಬೇಕೆಂದು ಪಟ್ಟುಹಿಡಿದ ಕಂಪನಿಯೂ ಉಂಟು. ಅಂಥ ಲಾಬಿಯನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದು ನನ್ನ ವಾದ. ಯಾವುದು ಶುದ್ಧ, ಯಾವುದು ಕಲಬೆರಕೆ ಎಂದು ಅಳೆಯುವ ಕೋಲನ್ನು ಆಗ ಕಂಪನಿ ತನ್ನ ಕಾರ್ಖಾನೆಯಿಂದಲೇ ತಂದಿರುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಹೆನ್ರಿ ಹೈಂಜ್ 1869ರಲ್ಲಿ ವ್ಯಾಪಾರಕ್ಕೆ ಇಳಿದದ್ದು ಹಾರ್ಸ್‌ರ‍್ಯಾಡಿಶ್ ಎಂಬ ಘಾಟು ಗೆಡ್ಡೆಯ ತುರಿಯನ್ನು ಮಾರುತ್ತ. ಒಳಗಿನ ಸರಕು ಕಾಣಲೆಂದು ಅದನ್ನು ತಿಳಿಗಾಜಿನ ಬಾಟಲಿಯಲ್ಲಿ ತುಂಬಿಸಿದ. 1875ರಲ್ಲಿ ದಿವಾಳಿಯಾದ, ಮರುವರ್ಷ ಮತ್ತೆ ಎದ್ದು ಟೊಮೆಟೊ ಕೆಚಪ್ ತಯಾರಿಸಿದ. ಆ ಕಾಲದ ಕೆಚಪ್ ಹೇಗಿತ್ತೆಂದರೆ, ಕ್ಯಾನಿಂಗ್ ಕಾರ್ಖಾನೆಗಳಲ್ಲಿ ಹಣ್ಣು ಡಬ್ಬಿಗೆ ಹೋದ ಮೇಲೆ ಉಳಿದ ಸಿಪ್ಪೆ, ತೊಟ್ಟಿನ ಭಾಗ, ಹಸಿರುಗಾಯಿ ಎಲ್ಲವನ್ನೂ ಅರೆದು ಪೀಪಾಯಿಗಳಲ್ಲಿ ಇಡುತ್ತಿದ್ದರು. ಅದು ಹುಳಿತು ನೊರೆಗಟ್ಟುತ್ತಿತ್ತು. ಬೂಸ್ಟು ತಡೆಯಲು ಸೋಡಿಯಂ ಬೆಂಜೋಯೇಟ್, ಕಂದಿದ ಬಣ್ಣ ಮುಚ್ಚಲು ಕಲ್ಲಿದ್ದಲ ಟಾರಿನಿಂದ ತೆಗೆದ ಕೆಂಪು. ತಿನ್ನುವವರಿಗೆ ಇದನ್ನು ತಿಳಿಯುವ ದಾರಿಯೇ ಇರಲಿಲ್ಲ.

ಈ ಕತ್ತಲೆಗೆ ಬೆಳಕು ಹಿಡಿದವರು ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ. 1902ರಲ್ಲಿ ಅವರು 12 ಮಂದಿ ಯುವಕರನ್ನು ಸೇರಿಸಿ, ಬೊರಾಕ್ಸ್, ಫಾರ್ಮಾಲ್ಡಿಹೈಡ್, ಬೆಂಜೋಯಿಕ್ ಆಮ್ಲದಂಥ ಸಂರಕ್ಷಕಗಳನ್ನು ಊಟದ ಜೊತೆ ಕೊಟ್ಟು ಪರೀಕ್ಷಿಸಲು ಶುರುಮಾಡಿದರು. ಪತ್ರಿಕೆಗಳು ಆ ತಂಡವನ್ನು ವಿಷದಳ ಎಂದು ಕರೆದವು. ಅದೇ ಹೊತ್ತಿನಲ್ಲಿ ಹೈಂಜ್ ಕಾರ್ಖಾನೆಯಲ್ಲಿ ಬೆಂಜೋಯೇಟ್ ಇಲ್ಲದೆ ಕೆಚಪ್ ಕೆಡದಂತೆ ಮಾಡುವ ಪ್ರಯೋಗ ನಡೆದಿತ್ತು. ಪೂರ್ತಿ ಮಾಗಿದ ಹಣ್ಣು, ಹೆಚ್ಚು ವಿನೆಗರ್, ಹೆಚ್ಚು ಸಕ್ಕರೆ ಹಾಕಿ ಗಟ್ಟಿಯಾಗಿ ಕುದಿಸಿದರೆ ಅದು ನಿಲ್ಲುತ್ತದೆ ಎಂದು ಗೊತ್ತಾಯಿತು. ಉಳಿದ ತಯಾರಕರಲ್ಲಿ ಹಲವರು ಕಾನೂನನ್ನು ವಿರೋಧಿಸುತ್ತಿದ್ದರೆ ಹೈಂಜ್ ತನ್ನ ಮಗ ಹೊವಾರ್ಡನನ್ನೂ ಕಾರ್ಖಾನೆಗಳ ಮೇಲ್ವಿಚಾರಕ ಸೆಬಾಸ್ಟಿಯನ್ ಮ್ಯೂಲರನ್ನೂ ಕಾನೂನಿನ ಪರ ಓಡಾಡಲು ಕಳಿಸಿದ. 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಸಹಿ ಹಾಕಿದರು.

ಆ ಕಾಯಿದೆ ಹಾನಿಕರ ವಸ್ತು ಬೆರೆಸುವುದನ್ನೂ ಸುಳ್ಳು ಲೇಬಲ್ ಹಚ್ಚುವುದನ್ನೂ ಅಪರಾಧ ಮಾಡಿತು. ಕಂಪನಿ ತನ್ನ ಜಾಹೀರಾತುಗಳಲ್ಲಿ ಬೆಂಜೋಯೇಟ್ ಇಲ್ಲದ್ದೇ ಶುದ್ಧ ಎಂದು ಸಾರಿತು. ಎದುರಾಳಿಗಳೂ ಸುಮ್ಮನಿರಲಿಲ್ಲ. ಅವರ ದೂರು ಅಧ್ಯಕ್ಷರವರೆಗೂ ಹೋಗಿ, 1908ರಲ್ಲಿ ಇರಾ ರೆಮ್ಸನ್ ನೇತೃತ್ವದ ತಜ್ಞರ ಮಂಡಳಿ ನೇಮಕವಾಯಿತು; ಸಣ್ಣ ಪ್ರಮಾಣದ ಬೆಂಜೋಯೇಟ್ ಅಪಾಯಕಾರಿಯಲ್ಲ ಎಂದು ಅದು ಮರುವರ್ಷ ಹೇಳಿತು. ವೈಲಿ 1912ರಲ್ಲಿ ರಾಜೀನಾಮೆ ಕೊಟ್ಟರು. ಕೋರ್ಟಿನಲ್ಲಿ, ಪತ್ರಿಕೆಯಲ್ಲಿ, ಕಚೇರಿಯಲ್ಲಿ ವರ್ಷಗಟ್ಟಲೆ ನಡೆದ ಈ ಜಗಳವೆಲ್ಲ ಒಂದು ಪುಡಿಯ ಸುತ್ತ. ಅದರ ಜಾಗಕ್ಕೆ ಬಂದ ಸಕ್ಕರೆಯ ಪ್ರಮಾಣ ಬರೆಯಬೇಕೆಂಬ ನಿಯಮವೇ ಕಾಯಿದೆಯಲ್ಲಿ ಇರಲಿಲ್ಲ.

ಹೈಂಜ್ ಇಲ್ಲದಿದ್ದರೆ ಕೊಳೆತ ಸಿಪ್ಪೆಯ ಕೆಚಪ್ಪೇ ಉಳಿಯುತ್ತಿತ್ತಲ್ಲ ಎಂದು ಕೇಳಬಹುದು. ಆತನ ಸರಕು ಮೇಲಾಗಿತ್ತು, ಕಾರ್ಖಾನೆ ಚೊಕ್ಕಟವಾಗಿತ್ತು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಕಾಯಿದೆ ಬಂದದ್ದು ಒಬ್ಬ ಉದ್ಯಮಿಯಿಂದಲ್ಲ. ಮಹಿಳಾ ಸಂಘಗಳು ವರ್ಷಗಳ ಕಾಲ ಹೋರಾಡಿದ್ದವು. ಷಿಕಾಗೋದ ಮಾಂಸದ ಕಾರ್ಖಾನೆಗಳ ಬಗ್ಗೆ ಅಪ್ಟನ್ ಸಿಂಕ್ಲೇರ್ ಬರೆದ ಕಾದಂಬರಿ ಅದೇ ವರ್ಷ ದೇಶವನ್ನು ಕೆರಳಿಸಿತ್ತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಸಕ್ಕರೆ, ವಿನೆಗರ್, ಉಪ್ಪು ತಲೆತಲಾಂತರದ ಸಂರಕ್ಷಕಗಳು, ನಮ್ಮ ಉಪ್ಪಿನಕಾಯಿಯೂ ಉಪ್ಪಿನ ಬಲದಿಂದಲೇ ನಿಲ್ಲುವುದು, 1906ರಲ್ಲಿ ಸಕ್ಕರೆಯನ್ನು ಯಾರೂ ಅನುಮಾನಿಸಿರಲಿಲ್ಲ. ಒಪ್ಪೋಣ, ಹೈಂಜ್ ಮೋಸ ಮಾಡಲಿಲ್ಲ. ಆದರೆ ಉಪ್ಪಿನಕಾಯಿಯನ್ನು ನಾಲಿಗೆಗೆ ಸೋಕಿಸಿಕೊಳ್ಳುತ್ತೇವೆ, ಕೆಚಪ್ಪನ್ನು ಮಕ್ಕಳ ತಟ್ಟೆಗೆ ಸುರಿಯುತ್ತೇವೆ. ಶುದ್ಧ ಎಂಬ ಮುದ್ರೆ ಒಮ್ಮೆ ಬಿದ್ದ ಮೇಲೆ ಎಷ್ಟು ತಿನ್ನಬೇಕು ಎಂಬ ಪ್ರಶ್ನೆ ಹಿಂದೆ ಸರಿಯಿತು. ಇಂದು ಅಮೆರಿಕದಲ್ಲಿ ಮಾರುವ ಹೈಂಜ್ ಕೆಚಪ್ಪಿನ ಒಂದು ದೊಡ್ಡ ಚಮಚದಲ್ಲಿ, ಅಂದರೆ 17 ಗ್ರಾಮಿನಲ್ಲಿ, 4 ಗ್ರಾಂ ಸಕ್ಕರೆ. ಪೊಟ್ಟಣದ ಮೇಲೆ ಸೇರಿಸಿದ ಸಕ್ಕರೆಯನ್ನು ಬೇರೆಯಾಗಿಯೇ ನಮೂದಿಸಬೇಕೆಂಬ ನಿಯಮ ಅಲ್ಲಿನ ದೊಡ್ಡ ಕಂಪನಿಗಳಿಗೆ ಜಾರಿಯಾದದ್ದು 2020ರಲ್ಲಿ.

ನಮ್ಮಲ್ಲಿ ಈಗ ನಡೆದಿರುವ ಚರ್ಚೆಯೂ ಅಳತೆಗೋಲಿನದೇ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಕರಡು, ಪೊಟ್ಟಣದ ಮುಂಭಾಗದಲ್ಲಿ ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡಬೇಕೆಂದಿತು. ಸಕ್ಕರೆ ಉಪ್ಪು ಮಿತಿಮೀರಿದ್ದರೆ ಚಿಲಿ ದೇಶದಂತೆ ನೇರ ಎಚ್ಚರಿಕೆಯೇ ಇರಲಿ ಎಂದು ಆರೋಗ್ಯ ಸಂಘಟನೆಗಳು ವಾದಿಸಿದವು. ನಕ್ಷತ್ರದ ಲೆಕ್ಕದಲ್ಲಿ ಒಳ್ಳೆಯ ಅಂಶವೊಂದು ಕೆಟ್ಟದ್ದನ್ನು ಮುಚ್ಚಿಹಾಕಬಹುದು, ಎಚ್ಚರಿಕೆಯಲ್ಲಿ ಆ ಆಸ್ಪದವಿಲ್ಲ. ಇಂಥ ಕರಡುಗಳಿಗೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆದಾಗ ಕಂಪನಿಗಳು ತಪ್ಪದೆ ಬರೆಯುತ್ತವೆ. ತಿನ್ನುವ ನಾವೂ ಬರೆಯಬೇಕು.