ಗಾಜಿನ ಪಟ್ಟಿಯ ಮೇಲಿನ ಸಾಕ್ಷ್ಯ



ಮೂತ್ರಪಿಂಡದ ಚಿತ್ರವನ್ನು ನಿಮ್ಮಿಂದ ಎಷ್ಟು ಸಲ ಬರೆಸಿದ್ದೇನೋ ಲೆಕ್ಕವಿಲ್ಲ. ಎಳೆಯ ಮಕ್ಕಳ ಆ ಅಂಗಕ್ಕೂ ಕ್ಯಾನ್ಸರ್ ತಗಲಬಹುದೆಂಬ ಮಾತು ನಮ್ಮ ಪಠ್ಯಪುಸ್ತಕದಲ್ಲಿರಲಿಲ್ಲ. ಹೆಚ್ಚಾಗಿ ಐದು ವರ್ಷದೊಳಗಿನವರನ್ನು ಕಾಡುವ ಅದಕ್ಕೆ ವಿಲ್ಮ್ಸ್ ಗೆಡ್ಡೆ ಎಂದು ಹೆಸರು.

ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ಈ ಗೆಡ್ಡೆಯ ಕುರಿತು ಗ್ರಂಥವೊಂದನ್ನು ರಚಿಸಿದರು. ಅದರೊಳಗೆ ಬೆರೆತಿರುವ ಬಗೆಬಗೆಯ ಅಂಗಾಂಶಗಳ ಮೂಲ ಭ್ರೂಣಾವಸ್ಥೆಯ ಜೀವಕೋಶಗಳಲ್ಲಿದೆ ಎಂಬುದು ಅವರ ವಾದ. 1918ರಲ್ಲಿ ಫ್ರೆಂಚ್ ಯುದ್ಧಕೈದಿಯೊಬ್ಬನ ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಅವರಿಗೆ ಡಿಫ್ತೀರಿಯಾ ತಗುಲಿತು; ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಶತ್ರುದೇಶದವನೆಂದು ಕೈ ಹಿಂದೆಗೆಯದ ವೈದ್ಯರೆಂದು ನನಗೆ ಅವರಲ್ಲಿ ಗೌರವ.

ಮೊದಲು ಶಸ್ತ್ರಚಿಕಿತ್ಸೆ, ಬಳಿಕ ವಿಕಿರಣ, 1950ರ ದಶಕದಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಬಳಕೆಗೆ ತಂದ ಆಕ್ಟಿನೊಮೈಸಿನ್-ಡಿ ಔಷಧ: ಹೀಗೆ ಚಿಕಿತ್ಸೆ ಬೆಳೆಯಿತು. ಆದರೂ ಒಂದೇ ಬಗೆಯ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಂದು ಮಗು ಬದುಕುತ್ತಿತ್ತು, ಇನ್ನೊಂದು ಸಾಯುತ್ತಿತ್ತು. ಕಾರಣವೇನು?

ಅಮೆರಿಕದಂಥ ದೊಡ್ಡ ದೇಶದಲ್ಲಿಯೂ ವರ್ಷಕ್ಕೆ ಸುಮಾರು 500ರಿಂದ 600 ಮಕ್ಕಳಿಗೆ ಮಾತ್ರ ಬರುವ ಈ ರೋಗವನ್ನು ಒಂದೇ ಆಸ್ಪತ್ರೆ ಅಭ್ಯಸಿಸುವುದು ಅಸಾಧ್ಯ. ಆದುದರಿಂದ 1969ರಲ್ಲಿ ಅಲ್ಲಿನ ಅನೇಕ ಆಸ್ಪತ್ರೆಗಳು ಸೇರಿ ರಾಷ್ಟ್ರೀಯ ಅಧ್ಯಯನವೊಂದನ್ನು ಆರಂಭಿಸಿದವು. ಮಕ್ಕಳ ಗೆಡ್ಡೆಯ ತೆಳುಪದರಗಳನ್ನು ಗಾಜಿನ ಪಟ್ಟಿಗಳ ಮೇಲೆ ಒಂದೆಡೆ ಕೂಡಿಹಾಕಲಾಯಿತು. ಬ್ರೂಸ್ ಬೆಕ್‌ವಿತ್ ಅವುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಪಾಮರ್ ಅವರೊಡಗೂಡಿ 1978ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದು. ಶೇಕಡ 12ರಷ್ಟು ಮಕ್ಕಳ ಅಂಗಾಂಶದಲ್ಲಿ ಮಾತ್ರ ಕೆಟ್ಟ ಲಕ್ಷಣಗಳಿದ್ದವು. ಗೆಡ್ಡೆಯಿಂದಾದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಈ ಸಣ್ಣ ಗುಂಪಿನಲ್ಲೇ ಸಂಭವಿಸಿದ್ದವು.

ಕೋಶವಿಭಜನೆಯ ಪಾಠ ನೆನಪಿದೆಯೇ? ವರ್ಣತಂತುಗಳು ಎರಡು ಧ್ರುವಗಳಿಗೆ ಸರಿಯಬೇಕು. ಆ ಗುಂಪಿನ ಕೆಲವು ಗೆಡ್ಡೆಗಳಲ್ಲಿ ಮೂರು, ನಾಲ್ಕು ಧ್ರುವಗಳು. ಕೋಶಕೇಂದ್ರಗಳು ಮೂರು ಪಟ್ಟಿಗೂ ಮಿಗಿಲಾಗಿ ಊದಿಕೊಂಡಿದ್ದವು. ಮತ್ತೆ ಕೆಲವು ವಿಲ್ಮ್ಸ್ ಗೆಡ್ಡೆಗಳೇ ಅಲ್ಲ, ಬೇರೆಯೇ ರೋಗಗಳೆಂದು ಮುಂದೆ ತಿಳಿಯಿತು.

ಅಲ್ಲಿಂದ ಮುಂದಿನ ಹುಡುಕಾಟ ವರ್ಣತಂತುಗಳೊಳಗೆ ಇಳಿಯಿತು. 1990ರಲ್ಲಿ ಡಬ್ಲ್ಯೂಟಿ1 ಜೀನ್ ದೊರೆಯಿತು. 1ನೆಯ ಮತ್ತು 16ನೆಯ ವರ್ಣತಂತುಗಳ ನಿರ್ದಿಷ್ಟ ಭಾಗಗಳು ಗೆಡ್ಡೆಯಲ್ಲಿ ನಷ್ಟವಾಗಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚೆಂದು 2005ರಲ್ಲಿ ವರದಿಯಾಯಿತು. ಎರಡೂ ನಷ್ಟವಾದ ಮಕ್ಕಳಿಗೆ ಮುಂದೆ ಹೆಚ್ಚಿನ ಔಷಧ ನೀಡಿದಾಗ ಫಲಿತಾಂಶ ಸುಧಾರಿಸಿತು. ಇಂಥ ಗುರುತುಗಳನ್ನೇ ಬಯೋಮಾರ್ಕರ್ ಎನ್ನುವುದು.

ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭವೆಂದರೆ ಬೇಡದ ಮಗುವಿಗೆ ಔಷಧವನ್ನು ತಪ್ಪಿಸುವುದು. ವಿಕಿರಣದಿಂದ ಬೆನ್ನೆಲುಬಿನ ಬೆಳವಣಿಗೆ ಕುಂಠಿತವಾಗಬಹುದು, ಡಾಕ್ಸೊರುಬಿಸಿನ್ ಹೃದಯವನ್ನು ದುರ್ಬಲಗೊಳಿಸಬಹುದು. ಎರಡು ವರ್ಷದೊಳಗಿನ ಮಗುವಿನ ಗೆಡ್ಡೆ ಆರಂಭಿಕ ಹಂತದಲ್ಲಿದ್ದು, 550 ಗ್ರಾಂಗಿಂತ ಹಗುರವಾಗಿದ್ದು, ಕೆಟ್ಟ ಲಕ್ಷಣಗಳಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗಬಹುದೆಂದು ಈಗ ಗೊತ್ತಾಗಿದೆ.

ಆ ಮೊದಲ ಅಧ್ಯಯನದ ಮಕ್ಕಳಲ್ಲಿ ಬದುಕುಳಿದವರು ಈಗ ಐವತ್ತು ದಾಟಿದವರು.