ಮಂಗಳೂರಿನ ಅಕ್ಕಿ, ದ್ವೀಪದ ಹಗ್ಗ: ಅಮೀನದೀವಿಯ ಜನಜೀವನ



2019ರ ಆಗಸ್ಟ್ ತಿಂಗಳು ನಿಮಗೆ ನೆನಪಿರಬಹುದು. ಘಟಪ್ರಭೆ ಉಕ್ಕಿ ಹರಿದು ಗೋಕಾಕ ಸಮೀಪದ ಲೋಳಸೂರ ಸೇತುವೆ ಮುಳುಗಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ನದಿದಂಡೆಯ ಜನ ದಾರಿಯಿಲ್ಲದೆ ಪರದಾಡಿದರು. ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲವೂ ನೀರಿನ ಆಚೆ ಉಳಿದವು. ಆ ಕೆಲವು ದಿನಗಳೇ ನಮಗೆ ಸಾಕುಸಾಕಾದವು. ಆದರೆ ನಾಲ್ಕೂ ಕಡೆ ನೀರಿರುವ ಊರಿನಲ್ಲಿಯೇ ತಲೆತಲಾಂತರದಿಂದ ಬಾಳಿದ ಒಂದು ಮುಸ್ಲಿಂ ಸಮುದಾಯವಿದೆ. ಅವರ ಇತಿಹಾಸ ನಮ್ಮ ಮಂಗಳೂರಿನೊಂದಿಗೆ ಬೆಸೆದುಕೊಂಡಿದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮೀನದೀವಿ ಎಂದು ಹೆಸರು. ಇಂದು ಇವು ಲಕ್ಷದ್ವೀಪದ ಭಾಗ. ಮಂಗಳೂರಿನಿಂದ ಅಮಿನಿಗೆ ಸಮುದ್ರದಲ್ಲಿ ಸುಮಾರು 300 ಕಿಲೋಮೀಟರ್. ಬಿತ್ರಾ ಎಷ್ಟು ಚಿಕ್ಕದೆಂದರೆ 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಜನ ಮಾತ್ರ!

ಟಿಪ್ಪು ಸುಲ್ತಾನರ ಬಳಿ ಮೊರೆ

ಈ ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. ಆ ಆಡಳಿತದ ಕಿರುಕುಳ ತಾಳಲಾರದೆ, 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರಲ್ಲಿ ಮೊರೆಯಿಟ್ಟರು. ಅರಕ್ಕಲ್ ಬೀವಿಯೊಂದಿಗೆ ಸ್ನೇಹವಿದ್ದ ಟಿಪ್ಪು, ಮಾತುಕತೆ ನಡೆಸಿ ಐದು ದ್ವೀಪಗಳನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅವು ಇಂಗ್ಲಿಷರ ಪಾಲಾದವು. ಆಗಲೂ ಆಡಳಿತ ನಡೆದದ್ದು ಮಂಗಳೂರಿನಿಂದಲೇ. ಹೀಗೆ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಹಗ್ಗ ಕೊಟ್ಟರೆ ಅಕ್ಕಿ

ದ್ವೀಪದಲ್ಲಿ ಹೊಳೆಯಿಲ್ಲ, ಗದ್ದೆಯಿಲ್ಲ. ಹವಳದ ಮರಳಿನ ಕೆಳಗೆ ಮಳೆನೀರು ತೆಳುವಾದ ಪದರವಾಗಿ, ಉಪ್ಪುನೀರಿನ ಮೇಲೆ ತೇಲಿದಂತೆ ನಿಂತಿರುತ್ತದೆ. ಬಾವಿಯಿಂದ ಮಿತಿಮೀರಿ ಸೇದಿದರೆ ಉಪ್ಪುನೀರು ಮೇಲೆ ಬರುತ್ತದೆ. ಬೆಳೆಯುವುದು ತೆಂಗು, ಸಿಗುವುದು ಮೀನು. ಹಾಗಾದರೆ ಊಟದ ಅಕ್ಕಿ ಎಲ್ಲಿಂದ? ಮಂಗಳೂರಿನಿಂದ. ಅದಕ್ಕೆ ಬೆಲೆ ತೆತ್ತದ್ದು ಹೆಣ್ಣುಮಕ್ಕಳ ಕೈ.

ತೆಂಗಿನ ಸಿಪ್ಪೆಯನ್ನು ಕಡಲಂಚಿನ ಗುಂಡಿಯಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಅದನ್ನು ತೆಗೆದು, ಕೊಡತಿಯಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆಯುತ್ತಿದ್ದರು. ನಾವು ಕತ್ತದ ಹಗ್ಗ ಎನ್ನುತ್ತೇವಲ್ಲ, ಅದೇ. ಈ ಹಗ್ಗವನ್ನು ಸರಕಾರ ತಾನೇ ಗೊತ್ತುಪಡಿಸಿದ ದರದಲ್ಲಿ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ದರ ಏರಿಸಿ ಕೇಳುವ ಬಲ ದ್ವೀಪದವರಿಗೆ ಇರಲಿಲ್ಲ.

ಹಗ್ಗವನ್ನು ದಡ ಮುಟ್ಟಿಸುತ್ತಿದ್ದದ್ದು ಓಡಂ ಎಂಬ ಹಾಯಿದೋಣಿ. ಅದರ ಹಲಗೆಗಳನ್ನೂ ಇದೇ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಗಂಡಸರು ನಕ್ಷತ್ರ ನೋಡಿ ದಿಕ್ಕು ಹಿಡಿಯುತ್ತಿದ್ದರು. ಮಳೆಗಾಲ ಬಂತೆಂದರೆ ದೋಣಿಗಳನ್ನು ದಡಕ್ಕೆ ಎಳೆದಿಡಬೇಕು. ಆಮೇಲೆ ಕಡಲು ಶಾಂತವಾಗುವ ತನಕ ಮನೆಯಲ್ಲಿದ್ದ ಅಕ್ಕಿ, ತೆಂಗು, ಒಣಮೀನಿನಲ್ಲಿಯೇ ಸಂಸಾರ ನಡೆಯಬೇಕು. ಊರಿನ ವ್ಯಾಜ್ಯಗಳನ್ನು ಮೊನೆಗಾರನೆಂಬ ಅಧಿಕಾರಿ ಹಿರಿಯರೊಂದಿಗೆ ಕುಳಿತು ತೀರ್ಮಾನಿಸುತ್ತಿದ್ದ. ಇನ್ನೊಂದು ವಿಶೇಷವೆಂದರೆ, ಇಲ್ಲಿ ತರವಾಡಿನ ಆಸ್ತಿ ತಾಯಿಯ ಕಡೆಯಿಂದ ಹೆಣ್ಣುಮಕ್ಕಳ ಸಂತತಿಗೆ ಬರುತ್ತಿತ್ತು. ದುಡಿಮೆಯಲ್ಲಿದ್ದಂತೆ ಮನೆತನದಲ್ಲಿಯೂ ಹೆಣ್ಣಿಗೆ ಸ್ಥಾನವಿತ್ತು.

ಒಂದೇ ದಿನ, ಎರಡು ದಾರಿ

1956ರ ನವೆಂಬರ್ 1ರಂದು ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡವೂ ಸೇರಿತು. ಆದರೆ ಅದೇ ದಿನ ಅಮೀನದೀವಿ ಅದರಿಂದ ಬೇರೆಯಾಗಿ, ಉಳಿದ ದ್ವೀಪಗಳೊಂದಿಗೆ ಕೇಂದ್ರಾಡಳಿತ ಪ್ರದೇಶವಾಯಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು.

ಈಗ ಲೆಕ್ಕ ನೋಡಿ. 1951ರಲ್ಲಿ ಆ ದ್ವೀಪಗಳ ಸಾಕ್ಷರತೆ ಶೇ. 15ರಷ್ಟಿತ್ತು. 2011ರಲ್ಲಿ ಅದು ಶೇ. 91.85. ಮಹಿಳೆಯರಲ್ಲಿಯೇ ಸುಮಾರು ಶೇ. 88. ಅದೇ ಜನಗಣತಿಯಲ್ಲಿ ಗಂಡು-ಹೆಣ್ಣು ಎಲ್ಲರೂ ಸೇರಿ ಕರ್ನಾಟಕದ್ದು ಶೇ. 75, ನಮ್ಮ ಬೆಳಗಾವಿ ಜಿಲ್ಲೆಯದು ಶೇ. 73ರ ಆಸುಪಾಸು. ಸರಕಾರ ಶಾಲೆ ತೆರೆಯಿತು, ದ್ವೀಪವಾಸಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು, ವಿದ್ಯಾರ್ಥಿವೇತನ ಕೊಟ್ಟಿತು, ನಿಜ. ಆದರೆ ಹೆಚ್ಚಿನ ಓದಿಗಾಗಿ ಮಕ್ಕಳನ್ನು ಹಡಗು ಹತ್ತಿಸಿ ಕಳಿಸುವ ಮನಸ್ಸು ಮಾಡಿದವರು ಅಲ್ಲಿಯ ತಂದೆತಾಯಿಗಳು.

ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಒಂದು ಮಾತು ಕೇಳುತ್ತೇವೆ: “ಹತ್ತನೇ ಇಯತ್ತೆ ಆಯ್ತಲ್ಲ, ಕಾಲೇಜು ದೂರ ಐತಿ, ಹುಡುಗಿ ಮನ್ಯಾಗ ಇರಲಿ.” ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿದೆ, ಹುಕ್ಕೇರಿಯಿಂದ ಬೆಳಗಾವಿಗೂ ಬಸ್ಸಿದೆ. ‘ಓದು’ ಎಂಬ ಆದೇಶದಿಂದ ವಹೀ ಆರಂಭವಾಯಿತೆಂದು ನಂಬುವವರು ನಾವು. ಮುಂದಿನ ಜೂನ್‌ನಲ್ಲಿ ಮಗಳ ಕಾಲೇಜಿನ ಅರ್ಜಿ ತುಂಬುವ ಹೊತ್ತಿಗೆ, ಸಮುದ್ರ ದಾಟಿ ಓದಿದ ಆ ಮಕ್ಕಳನ್ನು ಒಮ್ಮೆ ನೆನೆಯಿರಿ. ವಿದ್ಯಾರ್ಥಿನಿಯರೇ, ಮನೆಯಲ್ಲಿ ದೂರದ ಮಾತು ಬಂದಾಗ ಈ ಲೇಖನವನ್ನು ಅಬ್ಬಾ, ಅಮ್ಮಿಗೆ ಓದಿ ಹೇಳಿ.