ರಿಮೋಟ್ ಕಾರಿಗೆ ಹೊಸ ಮೋಟಾರು: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಹವ್ಯಾಸಕ್ಕೆಂದು ರೇಡಿಯೊ ನಿಯಂತ್ರಿತ ಕಾರು ಕೊಂಡವರ ಸಂಭ್ರಮ ಹೆಚ್ಚೆಂದರೆ ಎರಡು ತಿಂಗಳು. ಆಮೇಲೆ ಅದೇ ಕಾರು ನಿಧಾನವೆನ್ನಿಸತೊಡಗುತ್ತದೆ. ಬಡಾವಣೆಯ ಮೈದಾನದಲ್ಲಿ ಬೇರೆ ಯಾರದೋ ಕಾರು ತಮ್ಮದನ್ನು ಹಿಂದಿಕ್ಕಿದ ದಿನವೇ ‘ಮೋಟಾರು ಬದಲಿಸಬೇಕು’ ಎಂಬ ಆಸೆ ಮೊಳೆಯುತ್ತದೆ. ವಿಚಾರಿಸಿದರೆ ಸಾವಿರ ರೂಪಾಯಿಯ ಆಚೀಚೆ ಒಂದು ಮೋಟಾರು ಸಿಕ್ಕಿಯೂ ಬಿಡುತ್ತದೆ. ಎರಡು ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸಿದರೆ ಕಾರು ಬಾಣದಂತೆ ಚಿಮ್ಮುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಸತ್ತಿರುವುದು ಹೊಸ ಮೋಟಾರಲ್ಲ, ಅದಕ್ಕಿಂತ ದುಬಾರಿಯಾದ ವೇಗ ನಿಯಂತ್ರಕ.

ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಈ ಹವ್ಯಾಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೋಟಾರು ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ. ಬ್ಯಾಟರಿ ಕೊಡಬಲ್ಲಷ್ಟನ್ನು ವೇಗ ನಿಯಂತ್ರಕ ಹರಿಸಬೇಕು, ಮೋಟಾರು ಅದನ್ನು ತಿರುಗುವಿಕೆಯಾಗಿಸಬೇಕು, ಗಿಯರುಗಳು ಆ ಬಲವನ್ನು ಹಲ್ಲು ಮುರಿದುಕೊಳ್ಳದೆ ಚಕ್ರಕ್ಕೆ ಮುಟ್ಟಿಸಬೇಕು. ಹಾಗಾಗಿ ಕಡಿಮೆ ಹಣದಲ್ಲಿ ಕಾರನ್ನು ಚುರುಕುಗೊಳಿಸಬೇಕೆನ್ನುವವರು ಕೇಳಬೇಕಾದ ಪ್ರಶ್ನೆ ಮೋಟಾರಿನ ಬೆಲೆಯದಲ್ಲ; ಆ ಮೋಟಾರು ತನ್ನ ಹಿಂದೆ ಇನ್ನೇನೇನನ್ನು ಕೊಳ್ಳಿಸುತ್ತದೆ ಎಂಬುದು.

ಇಲ್ಲಿ ಹೇಳುತ್ತಿರುವುದು ಹವ್ಯಾಸಿ ದರ್ಜೆಯ ಕಾರುಗಳ ವಿಷಯ ಮಾತ್ರ. ಆಟಿಕೆ ಅಂಗಡಿಯ ರಿಮೋಟ್ ಕಾರಿನಲ್ಲಿ ರಿಸೀವರ್, ವೇಗ ನಿಯಂತ್ರಣ ಎಲ್ಲವೂ ಸಾಮಾನ್ಯವಾಗಿ ಒಂದೇ ಸರ್ಕಿಟ್ ಬೋರ್ಡಿನಲ್ಲಿ ಬೆಸೆದುಕೊಂಡಿರುತ್ತವೆ. ಅದಕ್ಕೆ ದೊಡ್ಡ ಮೋಟಾರು ಹಾಕುವುದು ಹಣ ಕಳೆಯುವ ದಾರಿ. ಭಾಗಗಳನ್ನು ಬಿಡಿಬಿಡಿಯಾಗಿ ಬದಲಿಸಬಹುದಾದ ಕಾರಿಗಷ್ಟೇ ಈ ಲೆಕ್ಕಾಚಾರ ಅನ್ವಯ. ಉದಾಹರಣೆಗೆ ಜಪಾನಿನ ತಮಿಯಾ ಕಂಪನಿಯ ಟಿಟಿ-02 ಕಾರನ್ನು ತೆಗೆದುಕೊಳ್ಳೋಣ. ನಿಜವಾದ ಕಾರಿನ ಹತ್ತನೆಯ ಒಂದರಷ್ಟು ಅಳತೆಯ, ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಈ ಕಿಟ್ 2013ರಲ್ಲಿ ಮಾರುಕಟ್ಟೆಗೆ ಬಂದಿತು. ಹೊಸಬರ ಕಾರೆಂದೇ ಅದು ಹೆಸರುವಾಸಿ.

540 ಎಂದರೇನು?

ತಮಿಯಾ ತನ್ನ ಮೊದಲ ರೇಡಿಯೊ ನಿಯಂತ್ರಿತ ಕಾರು ಪೋರ್ಶೆ 934 ಅನ್ನು ಹೊರತಂದದ್ದು 1976ರಲ್ಲಿ. 1984ರಲ್ಲಿ ಬಂದ ಅದರ ಗ್ರಾಸ್‌ಹಾಪರ್ ಕಾರಿನಲ್ಲಿ 380 ಎಂಬ ಪುಟ್ಟ ಮೋಟಾರಿತ್ತು. ಅದೇ ವರ್ಷದ ಹಾರ್ನೆಟ್‌ನಲ್ಲಿ 540 ಇತ್ತು. ಗ್ರಾಸ್‌ಹಾಪರ್ ಕೊಂಡ ಎಷ್ಟೋ ಹುಡುಗರು ಮಾಡಿದ ಮೊದಲ ಕೆಲಸವೆಂದರೆ 380 ಕಿತ್ತು 540 ಹಾಕಿದ್ದು. ಈ ಹುಚ್ಚು ಇಂದು ನಿನ್ನೆಯದಲ್ಲ.

540 ಎಂಬುದು ಮೂಲದಲ್ಲಿ ಮಬುಚಿ ಎಂಬ ಜಪಾನಿ ಕಂಪನಿಯ ಮೋಟಾರಿನ ಸಂಖ್ಯೆ. ಈಗ ಅದು ಅಳತೆಯ ಹೆಸರಾಗಿದೆ: ಸುಮಾರು 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ, 3.2 ಮಿ.ಮೀ.ಗೆ ತುಸು ಕಡಿಮೆ ದಪ್ಪದ ಶಾಫ್ಟ್. 550 ಎಂಬುದೂ ಇದೆ. ವ್ಯಾಸ ಅಷ್ಟೇ, ಉದ್ದ ಹೆಚ್ಚು. ಹತ್ತಿರದಲ್ಲಿ ನೋಡಿದರೆ ಎರಡೂ ಒಂದೇ ಎನ್ನಿಸುತ್ತವೆ, ಆದರೆ 540ಕ್ಕೆ ಮಾಡಿದ ಜಾಗದಲ್ಲಿ 550 ಕೂರದೇ ಹೋಗಬಹುದು. ಆರ್ಡರ್ ಮಾಡುವ ಮುನ್ನ ಸ್ಕೇಲ್ ಹಿಡಿದು ಅಳೆಯುವುದಕ್ಕೆ ಖರ್ಚಿಲ್ಲ.

ಸುತ್ತು ಕಡಿಮೆಯಾದಷ್ಟೂ ಹಸಿವು ಹೆಚ್ಚು

ಮೋಟಾರಿನ ಮೇಲೆ 27ಟಿ, 21ಟಿ, 12ಟಿ ಎಂದೆಲ್ಲ ಬರೆದಿರುತ್ತದೆ. ಒಳಗಿನ ಆರ್ಮೇಚರಿನ ಪ್ರತಿ ಹಲ್ಲಿಗೂ ತಂತಿಯನ್ನು ಎಷ್ಟು ಸುತ್ತು ಸುತ್ತಲಾಗಿದೆ ಎಂಬುದರ ಸೂಚನೆ ಅದು. ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಮಾಡಿಸಿದವರಿಗೆ ಇದರ ಮರ್ಮ ಗೊತ್ತಿರುತ್ತದೆ. ಸುತ್ತು ಕಡಿಮೆಯಿದ್ದರೆ ತಂತಿಯ ತಡೆ ಕಡಿಮೆ, ಹರಿಯುವ ಕರೆಂಟು ಹೆಚ್ಚು, ತಿರುಗುವ ವೇಗವೂ ಹೆಚ್ಚು. ಸುತ್ತು ಹೆಚ್ಚಿದ್ದರೆ ವೇಗ ಕಡಿಮೆ, ಆದರೆ ಅಷ್ಟೇ ಕರೆಂಟಿನಲ್ಲಿ ಎಳೆಯುವ ಬಲ ಹೆಚ್ಚು. ಕಲ್ಲುಬಂಡೆ ಹತ್ತುವ ಕ್ರಾಲರ್ ಕಾರುಗಳಿಗೆ 35, 55 ಸುತ್ತಿನ ಮೋಟಾರು ಹಾಕುವುದು ಇದೇ ಕಾರಣಕ್ಕೆ.

ತಮಿಯಾ ಕಿಟ್ಟುಗಳ ಜೊತೆ ಬರುವ ಬೆಳ್ಳಿ ಬಣ್ಣದ ಡಬ್ಬಿಯಂಥ ಮೋಟಾರು 27 ಸುತ್ತಿನದು. ಅದರ ಜಾಗಕ್ಕೆ 23 ಸುತ್ತಿನದನ್ನು ತಂದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 12 ಸುತ್ತಿನದನ್ನು ತಂದರೆ ಮೇಲೆ ಹೇಳಿದ ಸುಟ್ಟ ವಾಸನೆ ಮೂಗಿಗೆ ತಟ್ಟುತ್ತದೆ. ಏಕೆಂದರೆ ಪ್ರತಿ ವೇಗ ನಿಯಂತ್ರಕಕ್ಕೂ ‘ಇಷ್ಟು ಸುತ್ತಿಗಿಂತ ಕಡಿಮೆಯ ಮೋಟಾರು ಹಾಕಬಾರದು’ ಎಂಬ ಮಿತಿಯಿದೆ. ಕಿಟ್ ಜೊತೆ ಬರುವ ಸಾಧಾರಣ ನಿಯಂತ್ರಕಗಳ ಮಿತಿ ಹಲವು ಸಲ 25 ಸುತ್ತಿನ ಆಸುಪಾಸಿನಲ್ಲೇ ಇರುತ್ತದೆ, ಅಂದರೆ 23 ಸುತ್ತಿನ ಮೋಟಾರೂ ಅದಕ್ಕೆ ಹೊರೆಯೇ. ಮಿತಿಯನ್ನು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕಾರು ಜೋಡಿಸುವ ಆತುರದಲ್ಲಿ ಅದನ್ನು ಓದುವವರು ಕಡಿಮೆ.

ಕಡಿಮೆ ಬೆಲೆಗೆ ಹೆಚ್ಚು ತಾಳಿಕೆಯ ನಿಯಂತ್ರಕ ಬೇಕೆಂದರೆ ಹಾಬಿವಿಂಗ್ ಕಂಪನಿಯ ಕ್ವಿಕ್‌ರನ್ 1060 ಹೊಸಬರಲ್ಲಿ ಬಹಳ ಬಳಕೆಯಲ್ಲಿದೆ. ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ 12 ಸುತ್ತಿನವರೆಗೆ, ಮೂರು ಸೆಲ್ಲಿನದಾದರೆ 18 ಸುತ್ತಿನವರೆಗೆ ಅದು ತಾಳಿಕೊಳ್ಳುತ್ತದೆ. ಅದೇ ಪೆಟ್ಟಿಗೆ, ಅದೇ ಮೋಟಾರು, ಆದರೆ ಒಂದು ಸೆಲ್ ಹೆಚ್ಚಾದೊಡನೆ ಮಿತಿ ಹೇಗೆ ಬಿಗಿಯಾಯಿತು ಎಂಬುದನ್ನು ಗಮನಿಸಬೇಕು.

ಮಿಕ್ಸಿಯೂ ಫ್ಯಾನೂ

ಮೇಲಿನದೆಲ್ಲ ಬ್ರಷ್ ಇರುವ ಮೋಟಾರಿನ ಮಾತು. ಮನೆಯ ಮಿಕ್ಸಿಯಲ್ಲಿ ಸವೆದುಹೋಗುವ ಕಾರ್ಬನ್ ತುಂಡುಗಳಿರುತ್ತವಲ್ಲ, ಅವೇ ಇಲ್ಲಿಯೂ ಕರೆಂಟನ್ನು ತಿರುಗುವ ಭಾಗಕ್ಕೆ ದಾಟಿಸುತ್ತವೆ; ಉಜ್ಜುತ್ತವೆ, ಕಿಡಿ ಹಾರಿಸುತ್ತವೆ, ಸವೆಯುತ್ತವೆ. ಬ್ರಷ್‌ಲೆಸ್ ಮೋಟಾರಿನಲ್ಲಿ ಈ ಉಜ್ಜಾಟವೇ ಇಲ್ಲ. ಇತ್ತೀಚೆಗೆ ಮನೆಮನೆಗೆ ಬಂದಿರುವ ಬಿಎಲ್‌ಡಿಸಿ ಫ್ಯಾನು, ವಿದ್ಯುತ್ ಸ್ಕೂಟರಿನ ಮೋಟಾರು ಇದೇ ಕುಲದವು. ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ, ಕಡಿಮೆ ನಿರ್ವಹಣೆ. ಆದರೆ ಬ್ರಷ್ ಮೋಟಾರಿನ ಎರಡು ತಂತಿಯ ಜಾಗದಲ್ಲಿ ಇದಕ್ಕೆ ಮೂರು ತಂತಿ. ಬ್ರಷ್ ಮೋಟಾರಿನ ನಿಯಂತ್ರಕ ಇದನ್ನು ಓಡಿಸಲಾರದು. ಎರಡನ್ನೂ ಸೇರಿಸಿ ಕೊಳ್ಳಬೇಕಾಗುವುದರಿಂದ ಖರ್ಚು ನೂರುಗಳಿಂದ ಹಲವು ಸಾವಿರಗಳಿಗೆ ಏರುತ್ತದೆ.

ಬ್ರಷ್‌ಲೆಸ್‌ನಲ್ಲೂ ಸುತ್ತಿನ ಸಂಖ್ಯೆ ಇದೆಯಾದರೂ ಎರಡನ್ನೂ ಹೋಲಿಸಿ ಮೋಸ ಹೋಗಬಾರದು. ಪಂದ್ಯಗಳಲ್ಲಿ ಹಿಂದೆ 27 ಸುತ್ತಿನ ಬ್ರಷ್ ಮೋಟಾರಿಗಿದ್ದ ಸ್ಥಾನಕ್ಕೆ 17.5 ಸುತ್ತಿನ ಬ್ರಷ್‌ಲೆಸ್ ಬಂತು, 19 ಸುತ್ತಿನ ಜಾಗಕ್ಕೆ 13.5 ಬಂತು. ಅಗ್ಗದ ಬ್ರಷ್‌ಲೆಸ್‌ಗಳ ಮೇಲೆ ಸುತ್ತಿನ ಬದಲು ಕೆವಿ ಎಂದಿರುತ್ತದೆ. ಇದು ಕಿಲೊವೋಲ್ಟ್ ಅಲ್ಲ; ಭಾರವಿಲ್ಲದಾಗ ಪ್ರತಿ ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. 3650 ಎಂಬ ಸಂಖ್ಯೆಯಿದ್ದರೆ 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ ಎಂದರ್ಥ, ಅಂದರೆ ನಮ್ಮ 540ರ ಅಳತೆಯೇ.

ಸೆನ್ಸರ್ ಇರುವುದು ಬೇಕೇ, ಇಲ್ಲದ್ದು ಸಾಕೇ? ಸೆನ್ಸರ್ ಇಲ್ಲದ ಮೋಟಾರು ಅಗ್ಗ, ಹೊರಡುವಾಗ ತುಸು ತಡವರಿಸುತ್ತದೆ. ಕ್ರಾಲರ್ ಓಡಿಸುವವರಿಗೂ ಪಂದ್ಯಕ್ಕಿಳಿಯುವವರಿಗೂ ಇದು ಕಿರಿಕಿರಿ. ಮೈದಾನದಲ್ಲಿ ಓಡಾಡಿಸುವವರು ಅದರ ಚಿಂತೆ ಬಿಟ್ಟು ಉಳಿದ ಹಣವನ್ನು ಬ್ಯಾಟರಿಗೆ ಹಾಕುವುದು ಜಾಣತನ.

ಗಿಯರಿನ ಗಣಿತ

ವೇಗವನ್ನು ಮೋಟಾರು ಒಂದೇ ತೀರ್ಮಾನಿಸುವುದಿಲ್ಲ. ಟಿಟಿ-02ರಲ್ಲಿ ಮೋಟಾರಿನ ತುದಿಯ ಚಿಕ್ಕ ಗಿಯರಿಗೆ, ಅಂದರೆ ಪಿನಿಯನ್‌ಗೆ 22 ಹಲ್ಲು; ಅದು ತಿರುಗಿಸುವ ದೊಡ್ಡ ಸ್ಪರ್ ಗಿಯರಿಗೆ 70 ಹಲ್ಲು; ಒಳಗಿನ ಗಿಯರುಗಳ ಅನುಪಾತ 2.6. ಎಲ್ಲ ಸೇರಿ ಮೋಟಾರು 8.27 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಈಗ 3,000 ಕೆವಿಯ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 22,200 ಸುತ್ತು. ಚಕ್ರದ ವ್ಯಾಸ 65 ಮಿ.ಮೀ. ಎಂದು ಹಿಡಿದರೆ ಗಂಟೆಗೆ ಸುಮಾರು 33 ಕಿ.ಮೀ. ವೇಗ. ಇದು ಕಾಗದದ ಮೇಲಿನ ಲೆಕ್ಕ. ಗಾಳಿ, ಘರ್ಷಣೆ ಕಳೆದರೆ ನೆಲದ ಮೇಲೆ ಇನ್ನೂ ಕಡಿಮೆ.

ಪಿನಿಯನ್ನನ್ನು 24 ಹಲ್ಲಿಗೆ ಏರಿಸಿದರೆ ಅದೇ ಮೋಟಾರಿನಲ್ಲಿ ಲೆಕ್ಕ 36 ಕಿ.ಮೀ.ಗೆ ಬರುತ್ತದೆ. ಒಂದು ಪುಟ್ಟ ಗಿಯರಿನ ಬೆಲೆಗೆ ಮೂರು ಕಿ.ಮೀ. ವೇಗ! ಹೊಸ ಮೋಟಾರಿಗೆ ಹಣ ತೆರುವ ಮೊದಲು ಹಳೆಯ ಮೋಟಾರಿನಲ್ಲೇ ಈ ಪ್ರಯೋಗ ಮಾಡಿ ನೋಡಬಹುದು. ದೊಡ್ಡ ಪಿನಿಯನ್ ಹಾಕಿದಷ್ಟೂ ಮೋಟಾರು ಹೆಣಗುತ್ತದೆ, ಬಿಸಿಯಾಗುತ್ತದೆ ಎಂಬ ಎಚ್ಚರವಿರಲಿ. ಇದಕ್ಕೆ ತಿರುಗುಮುರುಗಾಗಿ, ಕಡಿಮೆ ಸುತ್ತಿನ ಬಿರುಸಿನ ಮೋಟಾರು ಹಾಕಿದವರು ಪಿನಿಯನ್ನಿನ ಹಲ್ಲು ಕಡಿಮೆ ಮಾಡಬೇಕು. ಇದನ್ನು ಮರೆತು ಮೋಟಾರು ಸುಟ್ಟುಕೊಂಡು, ಕಂಪನಿಯನ್ನು ಬಯ್ಯುವವರೇ ಹೆಚ್ಚು. ಹಲ್ಲಿನ ಅಳತೆಯನ್ನೂ ನೋಡಬೇಕು: ಟಿಟಿ-02ರದು 0.6 ಮಾಡ್ಯೂಲ್, 48 ಪಿಚ್ ಎಂದು ಬರೆದ ಪಿನಿಯನ್ ಅದಕ್ಕೆ ಹೊಂದುವುದಿಲ್ಲ, ಹೊಂದಿದಂತೆ ಕಂಡರೂ ಸ್ಪರ್ ಗಿಯರನ್ನು ತಿಂದುಹಾಕುತ್ತದೆ.

ಹಣ ಮೊದಲು ಎಲ್ಲಿಗೆ?

ಈ ಬಿಡಿಭಾಗಗಳಲ್ಲಿ ಬಹುಪಾಲು ವಿದೇಶದಿಂದ ಬರುವಂಥವು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಹೀಗಾಗಿ ಇಡೀ ಕಾರು ಬದಲಿಸುವ ಮಾತು ಸಾಮಾನ್ಯ ಸಂಬಳದವರಿಗೆ ದೂರವೇ. ಹೊರದೇಶದಿಂದ ತರಿಸಿದ ಮೋಟಾರು ಕೆಟ್ಟಿದ್ದರೆ ಹಿಂದಿರುಗಿಸುವ ಖರ್ಚು ಅದರ ಬೆಲೆಯನ್ನೇ ಮೀರಬಹುದು. ಇದ್ದ ಕಾರನ್ನೇ ಹದಗೊಳಿಸುವುದು ಲೇಸು.

ನನ್ನನ್ನು ಕೇಳಿದರೆ ಮೊದಲ ಹಣ ಬಾಲ್ ಬೇರಿಂಗಿಗೆ. ಅಗ್ಗದ ಕಿಟ್ಟುಗಳಲ್ಲಿ ಶಾಫ್ಟುಗಳು ಪ್ಲಾಸ್ಟಿಕ್ ಬುಷ್‌ಗಳಲ್ಲಿ ತಿರುಗುತ್ತವೆ. ನಮ್ಮ ಬಯಲುಗಳ ಕೆಂಪು ದೂಳು ಒಳಹೊಕ್ಕರೆ ಅವು ಅರದಂತೆ ಉಜ್ಜುತ್ತವೆ. ಮೋಟಾರಿನ ಶಕ್ತಿಯಲ್ಲಿ ಒಂದು ಪಾಲು ಅಲ್ಲಿಯೇ ವ್ಯರ್ಥ. 11 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಒಳವ್ಯಾಸದ, 1150 ಎಂದು ಕರೆಯುವ ಬೇರಿಂಗುಗಳನ್ನು ಹಾಕಿದರೆ ಹಳೆಯ ಮೋಟಾರೇ ಹೊಸದಾದಂತೆ ಓಡುತ್ತದೆ. ಎರಡನೆಯದು ಬ್ಯಾಟರಿಯ ಕನೆಕ್ಟರ್. ಹಳೆಯ ಮಾದರಿಯ ಬಿಳಿ ಪ್ಲಾಸ್ಟಿಕ್ ಕನೆಕ್ಟರು ಹೆಚ್ಚು ಕರೆಂಟಿಗೆ ಬಿಸಿಯಾಗಿ ಕರಗುವುದುಂಟು. ಎಕ್ಸ್‌ಟಿ60 ಮಾದರಿಯದನ್ನು ಬೆಸುಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಬೆಸುಗೆಯ ಸಾಮಗ್ರಿ ಹುಡುಕುವುದು ಕಷ್ಟವಲ್ಲ.

ಇವೆರಡೂ ಆದ ಮೇಲೆ ಕಡಿಮೆ ಹಣವಿದ್ದರೆ ನಿಯಂತ್ರಕದ ಮಿತಿಯೊಳಗಿನ ಸೌಮ್ಯ ಬ್ರಷ್ ಮೋಟಾರು ಸಾಕು. ಹಣ ಕೂಡಿಡುವ ತಾಳ್ಮೆಯಿದ್ದರೆ ನಡುವಿನ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಬ್ರಷ್‌ಲೆಸ್ ಜೋಡಿಗೆ ಹೋಗುವುದು ಮೇಲು. ಮೊದಲು 23 ಸುತ್ತು, ಆಮೇಲೆ 17, ಆಮೇಲೆ ಹೊಸ ನಿಯಂತ್ರಕ, ಕೊನೆಗೆ ಬ್ರಷ್‌ಲೆಸ್ ಎಂದು ಹಂತಹಂತವಾಗಿ ಹೋದವರ ಪೆಟ್ಟಿಗೆಯಲ್ಲಿ ಬೇಡವಾದ ಮೋಟಾರುಗಳ ಸಂಗ್ರಹವೇ ಇರುತ್ತದೆ.

ಬಿಸಿ ಮತ್ತು ಬೆಂಕಿ

ಹೊಸ ಮೋಟಾರು ಹಾಕಿದ ದಿನ ಪೂರ್ತಿ ಬ್ಯಾಟರಿ ಖಾಲಿಯಾಗುವವರೆಗೆ ಓಡಿಸಬಾರದು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಬಿಸಿ ಪರೀಕ್ಷಿಸಬೇಕು. ಮೋಟಾರಿನ ಹೊರಮೈ 80 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಪಿನಿಯನ್ ಚಿಕ್ಕದಾಗಬೇಕು ಎಂದರ್ಥ; ಅತಿ ಬಿಸಿಯಲ್ಲಿ ಆಯಸ್ಕಾಂತದ ಬಲ ಕುಂದುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ಮರಳದು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರು ಇಲ್ಲಿ ಕೆಲಸಕ್ಕೆ ಬಾರದು, ಅದನ್ನು ಹೊಂದಿಸಿರುವುದು ದೇಹದ ತಾಪಕ್ಕೆ. ಮೆಕ್ಯಾನಿಕ್‌ಗಳು ಬಳಸುವ ಬಗೆಯದು ಬೇಕು. ಬೆಂಗಳೂರಿನ ಡಿಸೆಂಬರ್ ಸಂಜೆಗೆ ಸರಿಹೋದ ಗಿಯರು ಕಲಬುರಗಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಸರಿಹೋಗಬೇಕೆಂದಿಲ್ಲ.

ಬ್ರಷ್ ಮೋಟಾರಾದರೆ ಮೊದಲ ಓಟಕ್ಕೆ ಮುನ್ನ ಎರಡು ಪೆನ್ ಸೆಲ್ ಸೇರಿಸಿ, ಅಂದರೆ 3 ವೋಲ್ಟಿನಲ್ಲಿ, ಭಾರವಿಲ್ಲದೆ ಕೆಲವು ನಿಮಿಷ ತಿರುಗಿಸಿದರೆ ಕಾರ್ಬನ್ ಚೆನ್ನಾಗಿ ಕೂರುತ್ತದೆ, ಬಾಳಿಕೆ ಹೆಚ್ಚುತ್ತದೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಲಿಥಿಯಂ ಪಾಲಿಮರ್ ಸೆಲ್ 4.2 ವೋಲ್ಟ್ ಮೀರಿ ಚಾರ್ಜ್ ಆದರೆ ಉಬ್ಬಿ ಹೊತ್ತಿಕೊಳ್ಳಬಹುದು. 3 ವೋಲ್ಟಿಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಪ್ರತಿ ಸೆಲ್ಲನ್ನೂ ಸಮತೋಲನಗೊಳಿಸುವ ಚಾರ್ಜರ್ ಕಡ್ಡಾಯ. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಮೊಬೈಲ್ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಕ್ವಿಕ್‌ರನ್ 1060ರಂಥ ನಿಯಂತ್ರಕದಲ್ಲಿ ಬ್ಯಾಟರಿಯ ಬಗೆ ತಿಳಿಸುವ ಪುಟ್ಟ ಜಂಪರ್ ಇದೆ. ಅದು ನಿಕಲ್ ಬ್ಯಾಟರಿಯ ಸ್ಥಾನದಲ್ಲೇ ಉಳಿದರೆ ಲಿಥಿಯಂ ಸೆಲ್ಲುಗಳು ಬರಿದಾಗುವವರೆಗೂ ಕಾರು ಓಡುತ್ತದೆ, ಮರುದಿನ ಆ ಬ್ಯಾಟರಿ ಕಸ.

ಮೂರು ಸೆಲ್ಲಿನ, 11.1 ವೋಲ್ಟಿನ ಬ್ಯಾಟರಿಯ ಆಮಿಷವೂ ಇದೆ. ಮೇಲಿನ ಅದೇ ಲೆಕ್ಕದಲ್ಲಿ ವೇಗ ಗಂಟೆಗೆ 49 ಕಿ.ಮೀ. ತಲುಪುತ್ತದೆ. ಟಿಟಿ-02ರ ಪ್ಲಾಸ್ಟಿಕ್ ಪ್ರೊಪೆಲರ್ ಶಾಫ್ಟ್ ಅದಕ್ಕೆಂದು ಮಾಡಿದ್ದಲ್ಲ. ಅದಿರಲಿ, ಒಂದೂವರೆ ಕಿಲೊ ತೂಗುವ ಕಾರು ಆ ವೇಗದಲ್ಲಿ ಅಪಾರ್ಟ್‌ಮೆಂಟಿನ ಓಣಿಯಲ್ಲಿ ಆಡುವ ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ಅಂಥ ಓಟಕ್ಕೆ ಜನರಿಲ್ಲದ ಮೈದಾನವೇ ಆಗಬೇಕು. ಕಳಚಿಟ್ಟ 27 ಸುತ್ತಿನ ಹಳೆಯ ಮೋಟಾರನ್ನು ಎಸೆಯದೆ ಅದರ ಪಿನಿಯನ್ ಸಹಿತ ಜೋಪಾನವಾಗಿಡಿ. ಮನೆಯ ಮಕ್ಕಳು ರಿಮೋಟ್ ಕೇಳಿದ ದಿನ ಮರಳಿ ಕೂರಿಸಲು ಅದೇ ತಕ್ಕದ್ದು, ಆದರೆ ಬ್ರಷ್‌ಲೆಸ್‌ಗೆ ಹೋದವರು ಹಳೆಯ ವೇಗ ನಿಯಂತ್ರಕವನ್ನೂ ಅದರ ಜೊತೆಗೇ ಇಟ್ಟಿರಬೇಕು.